ಶಂಶಾಬಾದ್ ದಾರಿ ಹಿಡಿಯುವ ಮುಂಚೆ: ಕಲಬುರಗಿ, ಬೀದರ, ಯಾದಗಿರಿಯವರ ಪರದೇಶ ಪ್ರಯಾಣಕ್ಕೆ ತಯಾರಿ

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಕಾರ್ಡ್, ಈ ಮೂರನ್ನೂ ಕಪಾಟಿನಿಂದ ತೆಗೆದು ಚಾಪೆ ಮೇಲೆ ಒಂದರ ಪಕ್ಕ ಒಂದಿಟ್ಟು ನೋಡಿ. ವಿಮಾನದ ಟಿಕೆಟ್ಟು, ಹೋಟೆಲು, ಹೊಸ ಸೂಟ್‌ಕೇಸು ಎಲ್ಲ ಆಮೇಲೆ. ನಮ್ಮ ಕಡೆ ಒಬ್ಬರ ಹೆಸರೇ ಮೂರು ಕಾರ್ಡಿನಲ್ಲಿ ಮೂರು ಥರ ಇರುತ್ತದೆ. ಒಂದರಲ್ಲಿ ಬರೀ ‘ಶರಣಬಸಪ್ಪ’, ಇನ್ನೊಂದರಲ್ಲಿ ಅಪ್ಪನ ಹೆಸರು ಸೇರಿದೆ, ಮತ್ತೊಂದರಲ್ಲಿ ಕೊನೆಗೆ ‘ಪಾಟೀಲ’ ಬಂದಿದೆ. ಇಂಗ್ಲಿಷಿನಲ್ಲಿ ಬರೆದಾಗ ‘ಶರಣ’ ಆದಮೇಲೆ ಒಂದು ‘ಎ’ ಅಕ್ಷರ ಇದ್ದರೊಂದು, ಬಿಟ್ಟರೊಂದು. ಊರಲ್ಲಿ ಯಾರೂ ಕೇಳುವುದಿಲ್ಲ. ವೀಸಾ ಕೌಂಟರಿನಲ್ಲಿ ಕೇಳುತ್ತಾರೆ.

ಆದ್ದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಆಧಾರ್ ಸರಿಮಾಡಿಸಿಕೊಳ್ಳಿ. ಆಧಾರಿನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ತಾರೀಖನ್ನು ಒಂದೇ ಸಲ ಬದಲಿಸಲು ಅವಕಾಶ. ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿ. ಹಿರಿಯರಲ್ಲಿ ಬಹಳ ಮಂದಿಯ ಹುಟ್ಟಿದ ದಿನ ಜೂನ್ 1. ಶಾಲೆಗೆ ಹಚ್ಚುವಾಗ ಮಾಸ್ತರು ಬರೆದದ್ದು. ಅದರಿಂದ ತೊಂದರೆಯಿಲ್ಲ, ಎಲ್ಲ ಕಡೆ ಅದೇ ಇದ್ದರೆ ಸಾಕು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಗಿವನ್ ನೇಮ್’, ‘ಸರ್‌ನೇಮ್’ ಅಂತ ಎರಡು ಕಾಲಂ ಇವೆ. ಅಡ್ಡಹೆಸರು ಇದ್ದವರು ಸರ್‌ನೇಮ್ ಕಾಲಂ ಖಾಲಿ ಬಿಡಲೇಬಾರದು. ದುಬೈ, ಅಬುಧಾಬಿ ಇರುವ ಯುಎಇ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ವಿಷಯದಲ್ಲಿ ತಕರಾರು ತೆಗೆಯುತ್ತದೆ. ಗಲ್ಫ್ ಕಡೆ ಹೋಗುವವರು ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಇದು ದೊಡ್ಡ ವಿಷಯ.

36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ತತ್ಕಾಲ್ ಬೇಕಾದರೆ ಮೇಲೆ 2,000. ಮಕ್ಕಳದ್ದು 1,000 ರೂಪಾಯಿ, ಐದು ವರ್ಷಕ್ಕೆ ಮುಗಿಯುತ್ತದೆ. ದೊಡ್ಡವರ ಪಾಸ್‌ಪೋರ್ಟ್ ಚೆನ್ನಾಗಿದೆ ಅಂತ ಟಿಕೆಟ್ ತೆಗೆದು, ಮಗುವಿನದ್ದು ಮುಗಿದದ್ದನ್ನು ಹೊರಡುವ ವಾರ ನೋಡುವವರು ಸಾಕಷ್ಟಿದ್ದಾರೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಾದರೆ ಹುಟ್ಟಿದ ತಾರೀಖಿಗೆ ಜನನ ಪ್ರಮಾಣಪತ್ರ ಒಂದೇ ದಾಖಲೆ, ಬೇರೆ ಯಾವುದೂ ನಡೆಯುವುದಿಲ್ಲ.

ಹತ್ತನೇ ತರಗತಿ ಪಾಸಾದವರು ಆ ಮಾರ್ಕ್ಸ್ ಕಾರ್ಡನ್ನು ಅರ್ಜಿಯ ಜೊತೆ ತೋರಿಸಲೇಬೇಕು. ತೋರಿಸದಿದ್ದರೆ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂಬ ಮುದ್ರೆ ಬೀಳುತ್ತದೆ. ಆ ಮುದ್ರೆ ಇದ್ದವರು ಸೌದಿ, ಕತಾರ್, ಓಮನ್, ಕುವೈತ್, ಯುಎಇ, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಪರವಾನಗಿ ತೆಗೆದುಕೊಳ್ಳಬೇಕು. ತಿರುಗಾಡಲು ಹೋಗುವುದಕ್ಕೆ ಅದು ಬೇಡ. ಆದರೆ ‘ಸದ್ಯ ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿ ನೌಕರಿ ಮಾಡಿಸ್ತೀನಿ’ ಅನ್ನುವ ಏಜೆಂಟನ ಮಾತು ಕೇಳಬೇಡಿ. ವಿಸಿಟ್ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಪಗಾರ ಕೊಡದಿದ್ದರೆ ದೂರು ಕೊಡಲಿಕ್ಕೂ ಬಾಯಿ ಇರುವುದಿಲ್ಲ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಭಾರತ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು.

ಇನ್ನೊಂದು ನಮ್ಮದೇ ಊರಿನ ತೊಡಕು. 2014ರ ನವೆಂಬರ್ 1ರಂದು ಗುಲಬರ್ಗಾ ಹೋಗಿ ಕಲಬುರಗಿ ಆಯಿತು. ಹಳೇ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ‘ಗುಲಬರ್ಗಾ’ ಅಂತಲೇ ಇದೆ. ವೀಸಾ ಅರ್ಜಿಯಲ್ಲಿ ಅಭಿಮಾನದಿಂದ ‘ಕಲಬುರಗಿ’ ಬರೆದರೆ ಎರಡೂ ಕೂಡುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಯಾವ ಸ್ಪೆಲ್ಲಿಂಗ್ ಇದೆಯೋ ಅದನ್ನೇ ನಕಲು ಮಾಡಿ. ಜಿಲ್ಲೆ ಆಗುವ ಮುಂಚೆ ಹುಟ್ಟಿದ ಯಾದಗಿರಿ, ಶಹಾಪುರ, ಸುರಪುರದವರಿಗೂ ಇದೇ ಮಾತು.

ವೀಸಾ ಮತ್ತು ಬರುವ ಮುನ್ನಿನ ಫಾರಂ

ಹೋಗುವ ದಿನದಿಂದ ಅಲ್ಲ, ವಾಪಸು ಬರುವ ದಿನದಿಂದ ಆರು ತಿಂಗಳು ಪಾಸ್‌ಪೋರ್ಟ್ ಜೀವಂತ ಇರಲಿ, ಎರಡು ಪುಟ ಪೂರ್ತಿ ಖಾಲಿ ಇರಲಿ. ದೇಶ ದೇಶಕ್ಕೆ ಲೆಕ್ಕ ಬೇರೆ ಇದ್ದರೂ ಇಷ್ಟಿದ್ದರೆ ಎಲ್ಲ ಕಡೆ ನಡೆಯುತ್ತದೆ.

ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ತೆಗೆದುಕೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಹೈದರಾಬಾದಿಗೋ ಬೆಂಗಳೂರಿಗೋ ಖುದ್ದಾಗಿ ಹೋಗಬೇಕು. ಬೇಸಿಗೆ ರಜೆಗೆ ಹೋಗುವವರು ಸಂಕ್ರಾಂತಿ ಮುಗಿಯುತ್ತಲೇ ಅಪಾಯಿಂಟ್‌ಮೆಂಟ್ ಹುಡುಕಲು ಶುರುಮಾಡಿ. ಬ್ಯಾಂಕ್ ಸ್ಟೇಟ್‌ಮೆಂಟಿಗಾಗಿ ಹಿಂದಿನ ವಾರ ಯಾರಿಂದಲೋ ಎರಡು ಲಕ್ಷ ಕೈಗಡ ತಂದು ಖಾತೆಗೆ ಹಾಕುವುದು ಕೆಲಸಕ್ಕೆ ಬರುವುದಿಲ್ಲ. ಅವರು ನೋಡುವುದು ಮೂರರಿಂದ ಆರು ತಿಂಗಳ ಒಳಹರಿವು. ದಿಢೀರ್ ಬಂದ ಮೊತ್ತವೇ ಅನುಮಾನಕ್ಕೆ ಕಾರಣ. ತೊಗರಿ ಮಾರಿದ ದುಡ್ಡು ಒಮ್ಮೆಲೇ ಬಂದಿದ್ದರೆ ಎಪಿಎಂಸಿ ಪಟ್ಟಿ ಮತ್ತು ಪಹಣಿ ಜೊತೆಗಿಡಿ, ಅದು ಒಳ್ಳೆಯ ಪುರಾವೆ.

ಥೈಲ್ಯಾಂಡಿಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಸಿಂಗಪುರ, ಮಲೇಷ್ಯಾಗಳಿಗೂ ಅಂಥದ್ದೇ ಇದೆ. ಮೂರೂ ಪುಕ್ಕಟೆ. ಇಳಿಯುವ ದಿನಕ್ಕೆ ಮೂರು ದಿನ ಇರುವಾಗ ಆಯಾ ಸರಕಾರದ ಜಾಲತಾಣದಲ್ಲೇ ತುಂಬಿ. ಗೂಗಲ್‌ನಲ್ಲಿ ಮೊದಲಿಗೆ ಬರುವ ಜಾಹೀರಾತಿನ ತಾಣ ಡಾಲರ್ ಕೇಳಿದರೆ ಅಲ್ಲೇ ಮುಚ್ಚಿಬಿಡಿ.

ರಾತ್ರಿ ಮೂರೂವರೆಯ ವಿಮಾನ

ನಮ್ಮ ಮೂರೂ ಜಿಲ್ಲೆಯವರಿಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಅಲ್ಲಿಂದ ಹೊರಡುವ ಬಹಳಷ್ಟು ವಿಮಾನಗಳು ನಡುರಾತ್ರಿ ಕಳೆದ ಮೇಲಿನವು. ಟಿಕೆಟಿನಲ್ಲಿ ‘ರವಿವಾರ 03:30’ ಅಂತ ಇದ್ದರೆ ಮನೆ ಬಿಡುವುದು ಶನಿವಾರ. ರವಿವಾರ ರಾತ್ರಿ ಅಂತ ತಿಳಿದು ಆರಾಮಾಗಿ ಕುಳಿತವರ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ, ಟಿಕೆಟಿನ ದುಡ್ಡೂ ಅದರ ಜೊತೆ.

ಲೆಕ್ಕ ಹಿಂದಿನಿಂದ ಹಾಕಿ. 03:30ಕ್ಕೆ ವಿಮಾನ. ಮೂರು ತಾಸು ಮೊದಲು, 00:30ಕ್ಕೆ ನಿಲ್ದಾಣದಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮುಂಚೆ ಮುಚ್ಚುತ್ತದೆ, ಆಮೇಲೆ ಕೈಮುಗಿದರೂ ತೆಗೆಯುವುದಿಲ್ಲ. ಕಲಬುರಗಿಯಿಂದ ಕಾರಿನಲ್ಲಿ ಐದು ತಾಸು. ಪಂಕ್ಚರ್, ಟ್ರಾಫಿಕ್, ಚಹಾಕ್ಕೆ ಒಂದೂವರೆ ತಾಸು. ಅಂದರೆ ಶನಿವಾರ ಸಂಜೆ ಆರಕ್ಕೆ ಗಾಡಿ ಊರು ಬಿಟ್ಟಿರಬೇಕು. ಫೋನಿನಲ್ಲಿ ಅಲಾರಂ ಇಡುವಾಗ ‘ಶನಿವಾರ ಸಂಜೆ 6, ಮನೆ ಬಿಡುವುದು’ ಅಂತಲೇ ಬರೆಯಿರಿ. ವಿಮಾನದ ಸಮಯ ಬರೆಯಬೇಡಿ.

ಬೀದರದವರಿಗೆ ಸುಮಾರು 150 ಕಿ.ಮೀ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹತ್ತಿದರೆ ಊರೊಳಗೆ ಹೋಗದೆ ನೇರ ಶಂಶಾಬಾದ್. ಹುಮನಾಬಾದ್ ಮೇಲೆ ಬರುವ ಕಲಬುರಗಿಯವರಿಗೂ ಇದೇ ದಾರಿ. ಯಾದಗಿರಿಯವರು ಗುರುಮಠಕಲ್, ನಾರಾಯಣಪೇಟೆ, ಮಹಬೂಬನಗರ ಹಿಡಿದರೆ ಹೈದರಾಬಾದಿಗಿಂತ ಮೊದಲೇ ಶಂಶಾಬಾದ್ ಸಿಗುತ್ತದೆ, ಸಿಟಿಯ ಗದ್ದಲವೇ ಇಲ್ಲ. ರೈಲಿನಲ್ಲಿ ಬರುವವರು ವಿಮಾನಕ್ಕೆ ಏಳೆಂಟು ತಾಸು ಮುಂಚೆ ಮುಟ್ಟುವ ಗಾಡಿ ಹಿಡಿಯಿರಿ, ವಾಡಿ ಹತ್ತಿರ ಗಾಡಿ ನಿಂತರೆ ನಿಂತೇಬಿಡುತ್ತದೆ. ಲಿಂಗಂಪಲ್ಲಿಯಲ್ಲಿ ನಿಲ್ಲುವ ಗಾಡಿಯಾದರೆ ಅಲ್ಲೇ ಇಳಿದು ಟ್ಯಾಕ್ಸಿ ಮಾಡುವುದು ಸುಲಭ. ಸಿಟಿಯೊಳಗಿನಿಂದ ನಿಲ್ದಾಣಕ್ಕೆ ತೆಲಂಗಾಣ ಸಾರಿಗೆಯ ಪುಷ್ಪಕ್ ಬಸ್ಸುಗಳಿವೆ.

ಕಳಿಸಲಿಕ್ಕೆ ಹತ್ತು ಮಂದಿ ಬರುವುದು ನಮ್ಮ ಪ್ರೀತಿ. ಆದರೆ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಆರತಿ, ಪೇಡೆ, ಕಣ್ಣೀರು ಎಲ್ಲವನ್ನೂ ಮನೆ ಬಾಗಿಲಲ್ಲೇ ಮುಗಿಸಿ ಹೊರಟರೆ ಸಮಯ ಉಳಿಯುತ್ತದೆ.

ರೊಟ್ಟಿ, ಹಿಂಡಿ, ಮತ್ತು ಗಸಗಸೆ

ಬ್ಯಾಗಿನ ಮಾತು ಉದ್ದ ಇದೆ, ಯಾಕೆಂದರೆ ನಮ್ಮವರ ಬ್ಯಾಗಿನಲ್ಲಿ ಅರ್ಧ ಅಡುಗೆಮನೆ ಇರುತ್ತದೆ. ಇರಲೂಬೇಕು. ಮೂರನೇ ದಿನಕ್ಕೆ ನಾಲಿಗೆ ಜೋಳದ ರೊಟ್ಟಿ ಕೇಳುವುದು ಖಚಿತ.

ರೊಟ್ಟಿ ಕಡಕ್ ಆಗಿರಲಿ, ಮೆತ್ತನೆಯದು ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಗರಿಗರಿ ಆಗುವತನಕ ಒಣಗಿಸಿ. ಮಡಚಿದರೆ ಟಪ್ ಅಂತ ಮುರಿಯಬೇಕು, ಬಾಗಬಾರದು. ಪೂರ್ತಿ ಆರಿದ ಮೇಲೆಯೇ ಕಟ್ಟಿ. ಬಿಸಿ ಇರುವಾಗ ಕಟ್ಟಿದರೆ ಉಗಿ ಒಳಗೇ ನಿಂತು ನಡುವಿನ ರೊಟ್ಟಿ ಮೊದಲು ಕೆಡುತ್ತದೆ. ಇಪ್ಪತ್ತು ರೊಟ್ಟಿ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ. ಸ್ಟೀಲ್ ಡಬ್ಬಿಗೆ ಅದರದ್ದೇ ತೂಕ ಬೇರೆ, ಹಗುರಾದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಸಾಕು. ಸೂಟ್‌ಕೇಸಿನ ನಡುವೆ ಇಟ್ಟು ಕೆಳಗೆ ಮೇಲೆ ಮೆತ್ತನೆ ಬಟ್ಟೆ ಹಾಸಿ. ಎಷ್ಟು ಜೋಪಾನ ಮಾಡಿದರೂ ನಾಲ್ಕೈದು ಚೂರಾಗುತ್ತವೆ. ಚೂರನ್ನು ಮೊಸರಲ್ಲಿ ನೆನೆಸಿ ಮೇಲೆ ಹಿಂಡಿ ಉದುರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ನಾಷ್ಟಾ ಯಾವ ಹೋಟೆಲಿನಲ್ಲೂ ಇಲ್ಲ.

ಶೇಂಗಾ ಹಿಂಡಿ ಎಣ್ಣೆ ಬಿಡುತ್ತದೆ. ಎರಡು ಜಿಪ್ ಕವರ್ ಒಂದರೊಳಗೊಂದು ಹಾಕಿ, ಗಾಳಿ ತೆಗೆದು ಚಪ್ಪಟೆ ಮಾಡಿಡಿ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದ್ದಾದರೆ ಬೇಗ ಕಮಟು ಬರುತ್ತದೆ, ಬೆಳ್ಳುಳ್ಳಿ ಹುರಿದು ಹಾಕಿ. ಅಗಸಿ, ಗುರೆಳ್ಳು, ಪುಟಾಣಿ ಯಾವ ಹಿಂಡಿಯಾದರೂ ದೊಡ್ಡ ಬ್ಯಾಗಿನಲ್ಲೇ ಹೋಗಲಿ. ಖಾರದ ಪುಡಿಯನ್ನು ವಿಮಾನದೊಳಗೆ ಕೈಚೀಲದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿಯ ಎಣ್ಣೆಯೂ ದ್ರವದ ಲೆಕ್ಕ. ಕೈಚೀಲದಲ್ಲಿ ಯಾವುದೇ ದ್ರವದ ಬಾಟಲಿ 100 ಮಿ.ಲೀ. ಮೀರಬಾರದು. ವಿಮಾನದಲ್ಲಿ ಕುಳಿತು ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಬೇಡಿ, ಪಕ್ಕದವರಿಗೆ ಶೇಂಗಾ ಅಲರ್ಜಿ ಇದ್ದರೆ ಜೀವಕ್ಕೆ ಬರುತ್ತದೆ.

ಈಗ ಗಸಗಸೆ. ಮಗಳ ಬಾಣಂತನಕ್ಕೆ ಹೊರಟ ಅವ್ವಂದಿರು ಇದನ್ನು ಎರಡು ಸಲ ಓದಿ. ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ, ಅಂಟಿನ ಜೊತೆ ಒಂದು ಹಿಡಿ ಗಸಗಸೆ ಬೀಳುತ್ತದೆ. ಮಸಾಲೆ ಖಾರಕ್ಕೂ ಬೀಳುತ್ತದೆ. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿ, ಸಿಂಗಪುರಗಳಲ್ಲಿ ಅದು ಮಾದಕ ವಸ್ತುವಿನ ಕಾನೂನಿನೊಳಗೆ ಬರುತ್ತದೆ, ಉಂಡಿಯ ಮೇಲೆ ಅಂಟಿದ್ದರೂ ಸಿಕ್ಕಿಬಿದ್ದರೆ ಪೊಲೀಸ್ ಠಾಣೆಯ ಕೆಲಸ. ಆ ದೇಶಗಳಿಗೆ ಹೋಗುವುದಾದರೆ ಉಂಡಿ, ಮಸಾಲೆ ಎರಡನ್ನೂ ಗಸಗಸೆ ಇಲ್ಲದೆ, ತೊಳೆದ ಮಿಕ್ಸರಿನಲ್ಲಿ ಹೊಸದಾಗಿ ಮಾಡಿ. ಡಬ್ಬಿಯಲ್ಲಿ ಮೊದಲೇ ಇದ್ದದ್ದನ್ನು ಒಯ್ಯಬೇಡಿ, ಹಾಕಿತ್ತೋ ಇಲ್ಲವೋ ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಡೀ ಒಣ ಕೊಬ್ಬರಿ ಬಟ್ಟಲು ದೊಡ್ಡ ಬ್ಯಾಗಿನಲ್ಲಿ ನಿಷೇಧ. ಅದರಲ್ಲಿ ಎಣ್ಣೆ ಅಂಶ ಹೆಚ್ಚು, ಕಾವೇರಿದರೆ ಹೊತ್ತಿಕೊಳ್ಳುವ ಸರಕಿನ ಪಟ್ಟಿಯಲ್ಲಿದೆ. ಹಸಿ ಕರಿಬೇವನ್ನು ಅಮೆರಿಕ, ಬ್ರಿಟನ್, ಯುರೋಪ್ ಮೂರೂ ಕಡೆ ಕಿತ್ತುಕೊಳ್ಳುತ್ತಾರೆ. ಬ್ರಿಟನ್ನಿಗೂ ಯುರೋಪಿಗೂ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಪೇಡೆ, ಕುಂದಾ, ತುಪ್ಪ ಎಲ್ಲ ಅದರಲ್ಲೇ ಬಂತು. ಆಸ್ಟ್ರೇಲಿಯಾದಲ್ಲಿ ತಿನ್ನುವ ಯಾವುದೇ ವಸ್ತುವಿದ್ದರೂ ಫಾರಮ್ಮಿನಲ್ಲಿ ‘ಇದೆ’ ಎಂದೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಬಿಸಾಡುತ್ತಾರೆ, ಹೇಳದೆ ಸಿಕ್ಕಿದರೆ ದೊಡ್ಡ ದಂಡ. ಗುಟಕಾ, ತಂಬಾಕು ಮನೆಯಲ್ಲೇ ಬಿಡಿ. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ ಕೂಡ ನಡೆಯುವುದಿಲ್ಲ. ‘ನಮ್ಮ ಹುಡುಗನಿಗೆ ಇದೊಂದು ಪೊಟ್ಟಣ ಮುಟ್ಟಿಸಿ’ ಅಂತ ಓಣಿಯವರು ಕೊಟ್ಟರೆ ಅವರೆದುರಿಗೇ ಬಿಚ್ಚಿ ನೋಡಿ, ನೋಡಲಾಗದ್ದನ್ನು ಒಯ್ಯಬೇಡಿ. ನಿಮ್ಮ ಬ್ಯಾಗಿನಲ್ಲಿ ಇದ್ದದ್ದಕ್ಕೆಲ್ಲ ನೀವೇ ಹೊಣೆ.

ತೂಕದ ಕೊಕ್ಕೆ ಕಾಟಾ ಮೂರ್ನಾಲ್ಕು ನೂರು ರೂಪಾಯಿಗೆ ಸಿಗುತ್ತದೆ, ಕೊಂಡುಬಿಡಿ. ಟಿಕೆಟಿನಲ್ಲಿ 23 ಕಿಲೋ ಅಂತಿದ್ದರೆ ಮನೆಯಲ್ಲಿ 22ಕ್ಕೆ ನಿಲ್ಲಿಸಿ. ಒಟ್ಟು ತೂಕ ಎಷ್ಟೇ ಬಿಟ್ಟರೂ ಒಂದೇ ಬ್ಯಾಗ್ 32 ಕಿಲೋ ದಾಟಬಾರದು, ಎತ್ತುವ ಕೂಲಿಕಾರರ ಬೆನ್ನಿಗಾಗಿ ಮಾಡಿದ ನಿಯಮ ಅದು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್ ಮಿತಿ, ಅಂದರೆ ಸುಮಾರು 27,000 ಎಂಎಎಚ್. 20,000ದ್ದು ಧಾರಾಳ ನಡೆಯುತ್ತದೆ, ಬರಹ ಅಳಿಸಿಹೋಗಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ.

ಇಷ್ಟಲಿಂಗ ಧರಿಸಿದವರು ಬೆಳ್ಳಿ ಕರಡಿಗೆ ಇದ್ದರೆ ಲೋಹಶೋಧಕದ ಬಾಗಿಲಿಗೆ ಹೋಗುವ ಮುಂಚೆಯೇ ಅಧಿಕಾರಿಗೆ ಹೇಳಿ. ಎಲ್ಲರೆದುರು ಬಿಚ್ಚಲು ಮನಸ್ಸಿಲ್ಲದಿದ್ದರೆ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಕೇಳಬಹುದು. ವಿಭೂತಿ ಪುಡಿಗಿಂತ ಗಟ್ಟಿ ಒಯ್ಯುವುದು ಮೇಲು. ಕವರಿನಲ್ಲಿ ಕಟ್ಟಿದ ಬಿಳಿ ಪುಡಿ ಎಲ್ಲ ದೇಶದಲ್ಲೂ ಪ್ರಶ್ನೆ ಹುಟ್ಟಿಸುತ್ತದೆ.

ಗುಳಿಗೆ, ದುಡ್ಡು, ಫೋನು

ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಸ್ಟ್ರಿಪ್ ಹಾಗೇ ಇರಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನ ಸಮೇತ ಬರೆಸಿಕೊಳ್ಳಿ. ಬ್ರ್ಯಾಂಡಿನ ಹೆಸರು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಇನ್ಸುಲಿನ್ ಕೈಚೀಲದಲ್ಲಿ. ಮೊಣಕಾಲು ನೋವಿನ ಗುಳಿಗೆಯಲ್ಲಿ ಟ್ರಮಡಾಲ್, ಕೆಮ್ಮಿನ ಔಷಧದಲ್ಲಿ ಕೊಡೀನ್ ಇದೆಯೇ ನೋಡಿ. ಗಲ್ಫ್ ದೇಶಗಳಲ್ಲಿ ಇವಕ್ಕೆ ಮೊದಲೇ ಅನುಮತಿ ಬೇಕು.

ನೋಟಿನ ರೂಪದಲ್ಲಿ ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ಭಾರತದ ರೂಪಾಯಿ 25,000ದವರೆಗೆ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ನಿಮ್ಮ ಬ್ಯಾಂಕಿನ ಕಾರ್ಡು ಪರದೇಶದಲ್ಲಿ ನಡೆಯಬೇಕಾದರೆ ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’ ಗುಂಡಿ ಒತ್ತಿರಬೇಕು, ಅದು ಸಾಮಾನ್ಯವಾಗಿ ಬಂದ್ ಇರುತ್ತದೆ. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ, ಸ್ಥಳೀಯ ದುಡ್ಡಿನಲ್ಲೋ’ ಅಂತ ಕೇಳಿದರೆ ಸ್ಥಳೀಯವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ಬ್ಯಾಂಕಿನ ಒಟಿಪಿ ಬರಬೇಕಾದ್ದರಿಂದ ಊರಿನ ಸಿಮ್ ತೆಗೆಯಬೇಡಿ, ರೋಮಿಂಗ್ ಮಾಡಿಸಿ ಅದರ ಡೇಟಾ ಮಾತ್ರ ಆಫ್ ಇಡಿ. ದುಬೈಯಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ, ಮೆಸೇಜು ಹೋಗುತ್ತದೆ. ‘ಫೋನೇ ಹತ್ತುತ್ತಿಲ್ಲ’ ಅಂತ ಮನೆಯವರು ಗಾಬರಿ ಆಗದಂತೆ ಮೊದಲೇ ತಿಳಿಸಿ ಹೋಗಿ.

ಮೈಮೇಲೆ ಬಂಗಾರ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮದುವೆಗೆಂದು ಒಯ್ಯಲೇಬೇಕಾದರೆ ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಇಲ್ಲದಿದ್ದರೆ ಬರುವಾಗ ಅದೇ ಸರಕ್ಕೆ ಸುಂಕ ಕೇಳಬಹುದು.

ಹತ್ತಿದ ಮೇಲೆ, ಇಳಿದ ಮೇಲೆ

ಸಸ್ಯಾಹಾರಿಗಳು ಟಿಕೆಟ್ ತೆಗೆಯುವಾಗಲೇ, ತಡವಾದರೆ ಒಂದೆರಡು ದಿನ ಮುಂಚೆಯಾದರೂ ಊಟ ಹೇಳಿ. ಅಲ್ಲಿ ಒಂದು ಮೋಸದ ಹೆಸರಿದೆ: ‘ಹಿಂದೂ ಮೀಲ್’, ಸಂಕೇತ ಎಚ್‌ಎನ್‌ಎಂಎಲ್. ಅದು ಮಾಂಸದ ಊಟ, ದನದ್ದು ಮಾತ್ರ ಇರುವುದಿಲ್ಲ. ನಮಗೆ ಬೇಕಾದ್ದು ಎವಿಎಂಎಲ್. ಥೈಲ್ಯಾಂಡಿನಲ್ಲಿ ‘ಮಾಂಸ ಬೇಡ’ ಅಂದರೆ ಸಾಲದು, ಮೀನಿನ ಸಾಸ್ ಅವರ ಲೆಕ್ಕಕ್ಕೆ ಮಾಂಸವೇ ಅಲ್ಲ. ‘ಜೇ’ ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಆ ಅಂಗಡಿ ನಮ್ಮದು.

ಇಮಿಗ್ರೇಷನ್ ಅಧಿಕಾರಿ ಕೇಳುವುದು ಮೂರೇ: ಯಾಕೆ ಬಂದಿರಿ, ಎಲ್ಲಿ ಇಳಿದುಕೊಳ್ಳುತ್ತೀರಿ, ಯಾವಾಗ ವಾಪಸು. ಮಗನ ಮನೆಗೆ ಬಂದ ಹಿರಿಯರ ಕೈಯಲ್ಲಿ ಈ ಮೂರು ಉತ್ತರ, ಮಗನ ವಿಳಾಸ, ಫೋನ್ ನಂಬರು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಕೊಡಿ. ಬಾಯಿಪಾಠ ಬೇಕಿಲ್ಲ. ಇಂಗ್ಲಿಷ್ ಬಾರದಿದ್ದರೆ ತಲೆ ಅಲ್ಲಾಡಿಸಿ ‘ಯೆಸ್ ಯೆಸ್’ ಅನ್ನಬೇಡಿ, ಕನ್ನಡ ಅಥವಾ ಹಿಂದಿ ಅನುವಾದಕರು ಬೇಕು ಅಂತ ಕೇಳಿ. ವಿಮಾನ ಸಂಸ್ಥೆಗೆ ಮೊದಲೇ ವೀಲ್‌ಚೇರ್ ಹೇಳಿದ್ದರೆ ಕರೆದೊಯ್ಯುವವರು ಬ್ಯಾಗಿನತನಕ ಜೊತೆಗಿರುತ್ತಾರೆ. ನಡೆಯಲು ತ್ರಾಸು ಇದ್ದವರು ಸಂಕೋಚ ಮಾಡಬೇಡಿ.

ಹೋಟೆಲ್ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಬೇಡಿ, ಒಗ್ಗರಣೆ ಹಾಕಬೇಡಿ. ಸಾಸಿವೆ ಸಿಡಿಯುವ ಮುಂಚೆ ಚಾವಣಿಯ ಹೊಗೆ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಬೀದಿಗೆ ಬರುತ್ತದೆ, ಬಿಲ್ಲಿನಲ್ಲಿ ದಂಡ ಸೇರುತ್ತದೆ. ಬಚ್ಚಲಲ್ಲಿ ನೀರು ಹೋಗುವ ಮೋರಿ ತೊಟ್ಟಿಯೊಳಗೆ ಮಾತ್ರ ಇರುತ್ತದೆ, ಪರದೆಯನ್ನು ತೊಟ್ಟಿಯ ಒಳಗೆ ಬಿಟ್ಟುಕೊಂಡು ಸ್ನಾನ ಮಾಡಿ. ಸಂಡಾಸಿನಲ್ಲಿ ನೀರಿನ ಪೈಪು ಇರದ ಕಡೆಗಳೇ ಹೆಚ್ಚು, ಖಾಲಿ ಬಾಟಲಿ ಒಂದು ಕೈಚೀಲದಲ್ಲಿರಲಿ. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮ ಮಿಕ್ಸರ್ ಅಲ್ಲಿ ಸರಿಯಾಗಿ ತಿರುಗುವುದಿಲ್ಲ, ಒಯ್ಯುವ ಶ್ರಮ ಬೇಡ. ದುಬೈ, ಸಿಂಗಪುರ, ಬ್ರಿಟನ್ನಿಗೆ ಚಪ್ಪಟೆ ಮೂರು ಕಡ್ಡಿಯ ಅಡಾಪ್ಟರ್ ಬೇಕು.

ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು, ಆ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿ. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಎರಡು ಫೋಟೋ, ಇವುಗಳ ಪ್ರತಿ ಪಾಸ್‌ಪೋರ್ಟ್ ಇಲ್ಲದ ಬ್ಯಾಗಿನಲ್ಲಿ ಇರಬೇಕು. ಎರಡೂ ಒಂದೇ ಚೀಲದಲ್ಲಿದ್ದರೆ ಒಟ್ಟಿಗೇ ಹೋಗುತ್ತವೆ.

ಮರಳಿ ಶಂಶಾಬಾದಿನಲ್ಲಿ ಇಳಿದಾಗ ಬ್ಯಾಗು ಬರದಿದ್ದರೆ, ಇಲ್ಲವೆ ಒಡೆದು ಬಂದಿದ್ದರೆ, ಹೊರಗೆ ಕಾರು ಕಾಯುತ್ತಿದೆ ಅಂತ ಓಡಬೇಡಿ. ಬೆಲ್ಟಿನ ಹತ್ತಿರವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ ನಂಬರು ತೆಗೆದುಕೊಳ್ಳಿ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಬ್ಯಾಗಿನ ಚೀಟಿ ಅಲ್ಲಿ ಬೇಕಾಗುತ್ತದೆ, ಮನೆ ಮುಟ್ಟುವತನಕ ಹರಿದು ಬಿಸಾಡಬೇಡಿ. ಬ್ಯಾಗು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದದ್ದಾದರೆ ಬಂದ ದಿನದಿಂದ 21 ದಿನದೊಳಗೆ ಬರಹದಲ್ಲಿ ಪರಿಹಾರ ಕೇಳಬೇಕು. ಆ ನಂಬರಿಲ್ಲದೆ ಹುಮನಾಬಾದ್ ಮುಟ್ಟಿ ಫೋನ್ ಮಾಡಿದರೆ ಅವರು ಮೊದಲು ಕೇಳುವುದು ಅದನ್ನೇ.